ಸರ್ವರ್ ಬಿಟ್ಟು ಸಮ್ಮೇಳನಕ್ಕೆ

ಜರ್ಮನಿಯ ನೈರುತ್ಯ ಮೂಲೆಯಲ್ಲಿ, ಫ್ರಾನ್ಸಿನ ಗಡಿಯ ಹತ್ತಿರ, ರುಸ್ಟ್ ಎಂಬ ಪುಟ್ಟ ಊರಿದೆ. ಮಾಕ್ ಕುಟುಂಬದವರು 1975ರಲ್ಲಿ ಅಲ್ಲಿ ಯುರೋಪಾ ಪಾರ್ಕ್ ಎಂಬ ಮನರಂಜನಾ ಉದ್ಯಾನ ತೆರೆದರು. ರೋಲರ್ ಕೋಸ್ಟರುಗಳು, ಒಂದೊಂದು ದೇಶದ ಹೆಸರಿನ ಬೀದಿಗಳು, ಕೋಟೆಯಂತೆಯೂ ರೋಮಿನ ಕೊಲೋಸಿಯಂನಂತೆಯೂ ಕಾಣುವ ಹೋಟೆಲುಗಳು. ಮಾರ್ಚ್ ತಿಂಗಳಲ್ಲಿ ಕೆಲವು ದಿನ ಆ ಹೋಟೆಲುಗಳಲ್ಲಿ ಮಕ್ಕಳ ಗದ್ದಲ ಇರುವುದಿಲ್ಲ. ಜಗತ್ತಿನ ನಾನಾ ಕಡೆಯಿಂದ ಬಂದ ಸಾವಿರಾರು ವೆಬ್ ಹೋಸ್ಟಿಂಗ್ ಉದ್ಯಮಿಗಳು ಅಲ್ಲಿ ತುಂಬಿರುತ್ತಾರೆ. ಹಿಂದೆ ವರ್ಲ್ಡ್‌ಹೋಸ್ಟಿಂಗ್‌ಡೇಸ್ ಎನ್ನುತ್ತಿದ್ದ ಈ ಸಮ್ಮೇಳನಕ್ಕೆ ಈಗ ಕ್ಲೌಡ್‌ಫೆಸ್ಟ್ ಎಂದು ಹೆಸರು. ಅಮೆರಿಕದಲ್ಲಿ 2005ರಲ್ಲಿ ಶುರುವಾದ ಹೋಸ್ಟಿಂಗ್‌ಕಾನ್ ಇದಕ್ಕೆ ಜೋಡಿಯಂತಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು ಅದು ನಿಂತುಹೋಯಿತು. ಈ ಎರಡು ಸಮ್ಮೇಳನಗಳ ಭಾರತದ ಆವೃತ್ತಿಗಳು ಒಂದು ಕಾಲದಲ್ಲಿ ಮುಂಬೈಯಲ್ಲೂ ನಡೆದಿದ್ದವು.

ದಾವಣಗೆರೆಯಲ್ಲೋ ಶಿರಸಿಯಲ್ಲೋ ಕೂತು ಮುನ್ನೂರು ನಾನೂರು ವೆಬ್‌ಸೈಟುಗಳನ್ನು ನೋಡಿಕೊಳ್ಳುವ ಸಣ್ಣ ಹೋಸ್ಟಿಂಗ್ ಕಂಪನಿಯವರು ಇಂಥ ಕಡೆ ಹೋಗಬೇಕೆ? ಹೋದರೆ ಹಾಕಿದ ದುಡ್ಡು ವಾಪಸು ಬಂದೀತೆ? ಈ ಕಸುಬಿನವರು ಸೇರಿದ ಕಡೆಯಲ್ಲೆಲ್ಲ ಈ ಮಾತು ಏಳುತ್ತದೆ. ಉತ್ತರಗಳು ಮಾತ್ರ ಎರಡು ತುದಿಯಲ್ಲಿರುತ್ತವೆ. ದೊಡ್ಡದಾಗಿ ಬೆಳೆಯಬೇಕಾದರೆ ಹೋಗಲೇಬೇಕು ಎನ್ನುತ್ತಾರೆ ಕೆಲವರು. ಅದೆಲ್ಲ ದುಡ್ಡಿದ್ದವರ ಪ್ರವಾಸ ಎನ್ನುತ್ತಾರೆ ಇನ್ನು ಕೆಲವರು. ಹೋಗಬೇಕೋ ಬೇಡವೋ ಎನ್ನುವುದಕ್ಕಿಂತ ಮುಂಚೆ ಅಲ್ಲಿ ಎದುರಿಗೆ ಕೂರುವವರು ಯಾರು ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಕಸುಬಿನ ಒಳಗನ್ನು ನೋಡೋಣ. ಸಣ್ಣ ಹೋಸ್ಟಿಂಗ್‌ನವರಿಗೆ ಸಾಮಾನ್ಯವಾಗಿ ಸ್ವಂತ ಡಾಟಾ ಸೆಂಟರ್ ಇರುವುದಿಲ್ಲ. ಮುಂಬೈಯಲ್ಲೋ ಜರ್ಮನಿಯಲ್ಲೋ ಇರುವ ಒಂದೆರಡು ಸರ್ವರುಗಳನ್ನು ತಿಂಗಳ ಬಾಡಿಗೆಗೆ ಹಿಡಿದಿರುತ್ತಾರೆ. ಅದರ ಮೇಲೆ ಸಿಪ್ಯಾನೆಲ್, ಪ್ಲೆಸ್ಕ್ ಅಥವಾ ಡೈರೆಕ್ಟ್‌ಅಡ್ಮಿನ್‌ನಂಥ ನಿಯಂತ್ರಣ ತಂತ್ರಾಂಶ ಹಾಕಿ, ಜಾಗವನ್ನು ನೂರಾರು ಪಾಲು ಮಾಡಿ ಮಾರುತ್ತಾರೆ. ಗ್ರಾಹಕರೆಂದರೆ ಊರಿನ ಸೀರೆ ಅಂಗಡಿ, ಖಾಸಗಿ ಶಾಲೆ, ಪತ್ತಿನ ಸಹಕಾರ ಸಂಘ, ಹೋಮ್‌ಸ್ಟೇ, ವಾರಪತ್ರಿಕೆ, ಮಠ. ವರ್ಷಕ್ಕೆ ಎರಡರಿಂದ ನಾಲ್ಕು ಸಾವಿರ ಕೊಡುವವರು. ಜಾಗದ ಲೆಕ್ಕದಲ್ಲಿ ನೋಡಿದರೆ ಗೋಡ್ಯಾಡಿ, ಹೋಸ್ಟಿಂಗರ್‌ನಂಥ ದೈತ್ಯರು ಇದಕ್ಕಿಂತ ಅಗ್ಗಕ್ಕೆ ಕೊಡುತ್ತಾರೆ. ಆದರೂ ಗ್ರಾಹಕರು ಬಿಟ್ಟು ಹೋಗುವುದಿಲ್ಲ. 'ಸಾರ್, ಇಮೇಲ್ ಹೋಗ್ತಾ ಇಲ್ಲ' ಎಂದು ಕನ್ನಡದಲ್ಲಿ ಫೋನ್ ಮಾಡಿದರೆ ಎತ್ತುವ ಮನುಷ್ಯ ಇಲ್ಲಿದ್ದಾನೆ ಎಂಬುದೇ ಕಾರಣ. ಸಣ್ಣ ಹೋಸ್ಟಿಂಗ್‌ನವರ ಬಂಡವಾಳ ಆ ಫೋನೇ.

ಆ ಫೋನ್ ಬಿಟ್ಟು ಐದಾರು ದಿನ ಹೊರಗೆ ಹೋಗುವುದು ಸಣ್ಣ ಸಂಗತಿಯಲ್ಲ. ಇಬ್ಬರೋ ಮೂವರೋ ಇರುವ ಕಂಪನಿಯಲ್ಲಿ ಸರ್ವರಿನ ರೂಟ್ ಪಾಸ್‌ವರ್ಡ್ ಗೊತ್ತಿರುವುದು ಯಜಮಾನರೊಬ್ಬರಿಗೇ ಎಂಬ ಸ್ಥಿತಿ ಬಹಳ ಕಡೆ ಇದೆ. ಮಾರ್ಚ್‌ನಲ್ಲಿ ನಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಜರ್ಮನಿಯಲ್ಲಿ ಐದೂವರೆ. ಅಂಗಡಿಗಳು ಬಾಗಿಲು ತೆಗೆದು ದೂರು ಹೇಳಲು ಶುರುಮಾಡುವ ಹೊತ್ತಿಗೆ ಯಜಮಾನರು ನಿದ್ದೆಯಲ್ಲಿರುತ್ತಾರೆ.

ದುಡ್ಡಿನ ಲೆಕ್ಕವೂ ನೇರವಾಗಿದೆ. ಸಮ್ಮೇಳನದ ಪ್ರವೇಶ ಪತ್ರ ಬಹಳ ಸಲ ಪುಕ್ಕಟೆಯಾಗಿಯೇ ಸಿಗುತ್ತದೆ, ಸ್ಟಾಲ್ ಹಾಕುವ ಕಂಪನಿಗಳು ಕೋಡ್ ಹಂಚುತ್ತವೆ. ಖರ್ಚಾಗುವುದು ಉಳಿದದ್ದಕ್ಕೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ವಿಮಾನ, ಅಲ್ಲಿಂದ ರೈಲಿನಲ್ಲಿ ರಿಂಗ್ಸ್‌ಹೈಮ್, 2024ರ ಜೂನ್‌ನಿಂದ 90 ಯುರೋ ಆಗಿರುವ ಷೆಂಗೆನ್ ವೀಸಾ ಶುಲ್ಕ, ಸಮ್ಮೇಳನದ ವಾರದಲ್ಲಿ ದುಬಾರಿಯಾಗುವ ಹೋಟೆಲು, ಊಟ. ಒಟ್ಟು ಎರಡು ಲಕ್ಷ ರೂಪಾಯಿ ಹಿಡಿಯೋಣ. ವರ್ಷಕ್ಕೆ 3,000 ಕೊಡುವ ಗ್ರಾಹಕನಿಂದ ಸರ್ವರ್ ಬಾಡಿಗೆ, ಲೈಸೆನ್ಸ್, ಸಂಬಳ ಎಲ್ಲ ಕಳೆದು 800 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಈ ಒಂದು ಪ್ರಯಾಣ 250 ಗ್ರಾಹಕರ ಇಡೀ ವರ್ಷದ ಲಾಭವನ್ನು ತಿನ್ನುತ್ತದೆ. ನಾನೂರು ಗ್ರಾಹಕರಿರುವ ಕಂಪನಿಗೆ ಇದು ಅರ್ಧಕ್ಕಿಂತ ಹೆಚ್ಚು.

ಆ ಖರ್ಚಿಗೆ ಹೊಸ ಗ್ರಾಹಕರು ಸಿಗುತ್ತಾರೆಯೇ? ಇಲ್ಲ. ಇದನ್ನು ಮೊದಲೇ ಖಡಾಖಂಡಿತವಾಗಿ ತಿಳಿದುಕೊಂಡರೆ ಎಷ್ಟೋ ನಿರಾಸೆ ತಪ್ಪುತ್ತದೆ. ಬೆಂಗಳೂರಿನ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದ ರೈತನಿಗೆ ಅಲ್ಲಿ ಟಿಲ್ಲರ್, ಪಂಪ್‌ಸೆಟ್, ಬಿತ್ತನೆ ಬೀಜ ಮಾರುವವರು ಸಾಲಾಗಿ ಸಿಗುತ್ತಾರೆ, ಅವನ ಹೊಲದ ಟೊಮೆಟೊ ಕೊಳ್ಳುವವರು ಸಿಗುವುದಿಲ್ಲ. ಹೋಸ್ಟಿಂಗ್ ಸಮ್ಮೇಳನವೂ ಹಾಗೆಯೇ. ಅಲ್ಲಿ ಸ್ಟಾಲ್ ಹಾಕಿದವರು ಸರ್ವರ್ ತಯಾರಿಸುವವರು, ತಂತ್ರಾಂಶದ ಲೈಸೆನ್ಸ್ ಮಾರುವವರು, ಡೊಮೇನ್ ನೋಂದಣಿಯ ಸಗಟು ವ್ಯಾಪಾರಿಗಳು, ಬ್ಯಾಕಪ್ ಮತ್ತು ಭದ್ರತೆಯ ಕಂಪನಿಗಳು. ಅವರ ದೃಷ್ಟಿಯಲ್ಲಿ ಗ್ರಾಹಕರು ನೀವೇ. ಹುಬ್ಬಳ್ಳಿಯ ಸೀರೆ ಅಂಗಡಿಯವರು ರುಸ್ಟಿಗೆ ಬರುವುದಿಲ್ಲ.

ಇನ್ನು ವೇದಿಕೆಯ ಭಾಷಣಗಳು. ಅವುಗಳಲ್ಲಿ ಬಹುಪಾಲು ವಿಡಿಯೊ ಆಗಿ ಆಮೇಲೆ ಸಿಕ್ಕೇ ಸಿಗುತ್ತವೆ. ಪ್ರಾಯೋಜಕರು ಮಾಡುವ ಭಾಷಣಗಳಂತೂ ಅವರ ಸರಕಿನ ಜಾಹೀರಾತಿಗಿಂತ ಹೆಚ್ಚೇನೂ ಹೇಳುವುದಿಲ್ಲ. ನಮ್ಮ ಕಸುಬಿಗೆ ನಿಜವಾದ ಪೆಟ್ಟು ಕೊಡುವ ಸುದ್ದಿ ಎಷ್ಟೋ ಸಲ ವೇದಿಕೆಗೆ ಬರುವುದೇ ಇಲ್ಲ ಎಂಬುದಕ್ಕೆ ಸಿಪ್ಯಾನೆಲ್ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಡ.

ತೊಂಬತ್ತರ ದಶಕದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದ ಸಿಪ್ಯಾನೆಲ್ ಈ ಉದ್ಯಮದ ಅಡಿಪಾಯದಂತಿತ್ತು. ಒಂದು ಸರ್ವರಿಗೆ ತಿಂಗಳಿಗೆ ಇಂತಿಷ್ಟು ಎಂದು ಕೊಟ್ಟರೆ ಅದರಲ್ಲಿ ಎಷ್ಟು ಗ್ರಾಹಕರ ಖಾತೆಗಳನ್ನು ಬೇಕಾದರೂ ತೆರೆಯಬಹುದಿತ್ತು. ಸಣ್ಣವರ ಲಾಭವೆಲ್ಲ ನಿಂತಿದ್ದೇ ಆ ಲೆಕ್ಕದ ಮೇಲೆ. 2018ರಲ್ಲಿ ಬ್ರಿಟನ್ನಿನ ಹೂಡಿಕೆ ಸಂಸ್ಥೆ ಓಕ್ಲಿ ಕ್ಯಾಪಿಟಲ್ ಈ ಕಂಪನಿಯನ್ನು ಕೊಂಡಿತು. ಪ್ರತಿಸ್ಪರ್ಧಿ ಪ್ಲೆಸ್ಕ್ ಅದಾಗಲೇ ಅವರ ಕೈಯಲ್ಲಿತ್ತು. 2019ರ ಜೂನ್ ಕೊನೆಯಲ್ಲಿ ಹೊಸ ದರಪಟ್ಟಿ ಹೊರಬಿತ್ತು: ನೂರು ಖಾತೆಗಳವರೆಗೆ ತಿಂಗಳಿಗೆ 45 ಡಾಲರ್, ಆಮೇಲೆ ಒಂದೊಂದು ಖಾತೆಗೂ 20 ಸೆಂಟ್. ಸೆಪ್ಟೆಂಬರ್‌ನಿಂದಲೇ ಜಾರಿ. ಒಂದು ಸರ್ವರಿನಲ್ಲಿ 400 ಖಾತೆ ಇದ್ದವರ ಬಿಲ್ಲು 105 ಡಾಲರ್ ಮುಟ್ಟಿತು, ಆಗಿನ ವಿನಿಮಯ ದರದಲ್ಲಿ ಏಳು ಸಾವಿರ ರೂಪಾಯಿಗೂ ಹೆಚ್ಚು. ಗ್ರಾಹಕರಿಂದ ವರ್ಷದ ಹಣವನ್ನು ಮೊದಲೇ ತೆಗೆದುಕೊಂಡಾಗಿತ್ತು, ದರ ಏರಿಸುವ ಹಾಗಿರಲಿಲ್ಲ. ಉಳಿದಿದ್ದದ್ದು ಎರಡು ತಿಂಗಳು.

ಆ ಎರಡು ತಿಂಗಳಲ್ಲಿ ಬೇಕಾಗಿದ್ದದ್ದು ಏನೆಂದು ಯೋಚಿಸಿ. ಡೈರೆಕ್ಟ್‌ಅಡ್ಮಿನ್‌ಗೆ ಹೋದರೆ ಹಳೆಯ ಇಮೇಲ್‌ಗಳು ಸರಿಯಾಗಿ ಬರುತ್ತವೆಯೇ? ನಾನೂರು ಖಾತೆಗಳ ಮೈಗ್ರೇಷನ್ನಿಗೆ ಎಷ್ಟು ರಾತ್ರಿ ಬೇಕು? ಯಾವ ಹಂತದಲ್ಲಿ ಕೈಕೊಡುತ್ತದೆ? ಇದಕ್ಕೆ ಉತ್ತರ ಕೊಡಬಲ್ಲವರು ಅದನ್ನು ಮಾಡಿ ನೋಡಿದ ಇನ್ನೊಬ್ಬ ಹೋಸ್ಟಿಂಗ್‌ನವರು ಮಾತ್ರ. ಮಾರಾಟ ವಿಭಾಗದವರು ಎಲ್ಲ ಸಲೀಸು ಎನ್ನುತ್ತಾರೆ. ತನ್ನ ಹಾಗೆಯೇ ಕಷ್ಟಪಡುತ್ತಿರುವ ಇನ್ನೊಬ್ಬ ಮಾಲೀಕ, 'ಮೊದಲು ಇಪ್ಪತ್ತು ಖಾತೆ ಸಾಗಿಸಿ ನೋಡಿ, ಮೇಲ್ ಫಾರ್ವರ್ಡ್‌ಗಳನ್ನು ಕೈಯಾರೆ ಪರೀಕ್ಷಿಸಿ' ಎಂದು ನಿಜ ಹೇಳುತ್ತಾನೆ. ಅಂಥ ನಾಲ್ಕು ಜನರ ಫೋನ್ ನಂಬರ್ ಕೈಯಲ್ಲಿದ್ದವರಿಗೂ ಇಲ್ಲದವರಿಗೂ ಆ ವರ್ಷ ಬಹಳ ಅಂತರವಿತ್ತು. ಸಮ್ಮೇಳನದಿಂದ ಸಣ್ಣವರಿಗೆ ಸಿಗುವ ಬೆಲೆಬಾಳುವ ವಸ್ತು ಇದು. ಊಟದ ಸಾಲಿನಲ್ಲಿ, ಕಾಫಿ ಮೇಜಿನ ಹತ್ತಿರ ಅದು ಸಿಗುತ್ತದೆ.

ಇದರ ಜೊತೆಗೆ ಇನ್ನೊಂದಿದೆ. ಸರ್ವರ್ ಬಾಡಿಗೆ ಕೊಡುವ ದೊಡ್ಡ ಕಂಪನಿಗೆ ನೀವು ಒಂದು ಟಿಕೆಟ್ ಸಂಖ್ಯೆ ಅಷ್ಟೇ. ನಿಮ್ಮ ಗ್ರಾಹಕರೊಬ್ಬರ ಹಳೆಯ ವರ್ಡ್‌ಪ್ರೆಸ್ ಸೈಟು ಹ್ಯಾಕ್ ಆಗಿ ಅದರಿಂದ ಸ್ಪ್ಯಾಮ್ ಹೊರಟಿತು ಎನ್ನಿ. ಇಡೀ ಐಪಿ ವಿಳಾಸ ಬ್ಲಾಕ್‌ಲಿಸ್ಟ್ ಆಗುತ್ತದೆ, ಆ ಸರ್ವರಿನಲ್ಲಿರುವ ಸಹಕಾರ ಸಂಘದ ನೋಟಿಸು, ಶಾಲೆಯ ಶುಲ್ಕದ ರಸೀದಿ ಯಾವುದೂ ಜಿಮೇಲ್ ಮುಟ್ಟುವುದಿಲ್ಲ. ಅಬ್ಯೂಸ್ ವಿಭಾಗಕ್ಕೆ ಬರೆದ ಪತ್ರಕ್ಕೆ ಯಂತ್ರ ಉತ್ತರಿಸುತ್ತದೆ. ಅಂಥ ಹೊತ್ತಿನಲ್ಲಿ, ಎಂದೋ ಒಂದು ಸಲ ಎದುರು ಕೂತು ಮಾತಾಡಿದ ಎಂಜಿನಿಯರ್ ಒಬ್ಬರ ಪರಿಚಯ ಇದ್ದರೆ ಕೆಲಸ ಬೇಗ ಆಗುತ್ತದೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ವ್ಯವಸ್ಥೆ ಇರುವುದು ಹೀಗೆ, ಸಣ್ಣವರು ಬದುಕಬೇಕಾದ್ದು ಇದರೊಳಗೇ.

ಹಾಗಾದರೆ ಈ ಪರಿಚಯಗಳಿಗಾಗಿ ಎರಡು ಲಕ್ಷ ಸುರಿಯಬೇಕೆ? ಸುರಿಯಬೇಕಿಲ್ಲ. ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಪರಂಪರೆಯೇ ಇದೆ, ಅದನ್ನು ನಾವು ಮರೆತಂತಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರ್ ಎಂಬ ಸಮಾವೇಶ ಶುರುವಾಯಿತು. 2005ರಲ್ಲಿ ಅದು ಫಾಸ್ ಡಾಟ್ ಇನ್ ಆಯಿತು. ಅದರ ಹಿಂದಿನ ಶಕ್ತಿಯಾಗಿದ್ದವರು ಅತುಲ್ ಚಿಟ್ನಿಸ್. 2012ರಲ್ಲಿ ಕೊನೆಯ ಸಮಾವೇಶ ನಡೆಯಿತು, ಮರುವರ್ಷ ಅವರು ತೀರಿಕೊಂಡರು. ಸ್ವತಂತ್ರ ತಂತ್ರಾಂಶ ಬರೆಯುವವರನ್ನೂ ಬಳಸುವವರನ್ನೂ ಒಂದೇ ಸೂರಿನಡಿ ತಂದ ಆ ಸಮಾವೇಶ ಒಂದು ತಲೆಮಾರಿನ ಸಿಸ್ಟಂ ಅಡ್ಮಿನ್‌ಗಳನ್ನು ಬೆಳೆಸಿತು. ಅದು ನಿಲ್ಲುವ ಹೊತ್ತಿಗೆ ಹ್ಯಾಸ್‌ಗೀಕ್‌ನವರ ರೂಟ್‌ಕಾನ್ಫ್ ಹುಟ್ಟಿತ್ತು. ಸರ್ವರ್ ನಡೆಸುವುದು, ಕೆಟ್ಟಾಗ ಎಬ್ಬಿಸುವುದು, ಬ್ಯಾಕಪ್, ಭದ್ರತೆ, ಅದರ ವಿಷಯಗಳೆಲ್ಲ ಇವೇ. ಈಗ ಫಾಸ್ ಯುನೈಟೆಡ್ ನಡೆಸುವ ಇಂಡಿಯಾಫಾಸ್ ಕೂಡ ಬೆಂಗಳೂರಿನಲ್ಲೇ ನಡೆಯುತ್ತದೆ. ಚಿತ್ರದುರ್ಗದವರು ರಾತ್ರಿ ಬಸ್ಸಿಗೆ ಹೊರಟರೆ ಬೆಳಗಾಗುವುದರೊಳಗೆ ಅಲ್ಲಿರುತ್ತಾರೆ.

ಸರ್ಕಾರದ ಬೆಂಗಳೂರು ಟೆಕ್ ಸಮ್ಮಿಟ್ ಬಗ್ಗೆಯೂ ಹೇಳಬೇಕು. 1998ರ ಬೆಂಗಳೂರ್ ಐಟಿ ಡಾಟ್ ಕಾಂನಿಂದ ಬೆಳೆದು ಬಂದ ಅದರ ವ್ಯಾಪ್ತಿ ದೊಡ್ಡದು. ಹೂಡಿಕೆದಾರರು, ವಿದೇಶಿ ನಿಯೋಗಗಳು, ನವೋದ್ಯಮಗಳಿಗೆ ಅದು ಬೇಕು. ಸಣ್ಣ ಹೋಸ್ಟಿಂಗ್‌ನವರಿಗೆ ಅಲ್ಲಿ ಒಂದು ದಿನ ಸುತ್ತಾಡಿದರೆ ಸಾಕು.

ನೆಟ್‌ವರ್ಕ್ ನಡೆಸುವವರ ಕೂಟಗಳು ಬೇರೆಯೇ ಜಾತಿಯವು, ನನಗೆ ಅತ್ಯಂತ ಗೌರವ ಇರುವುದು ಅವುಗಳ ಮೇಲೆ. ದಕ್ಷಿಣ ಏಷ್ಯಾದ ನೆಟ್‌ವರ್ಕ್ ಆಪರೇಟರ್‌ಗಳ ಕೂಟ ಸ್ಯಾನಾಗ್ 2003ರಲ್ಲಿ ಕಠ್ಮಂಡುವಿನಲ್ಲಿ ಶುರುವಾಯಿತು. ಭಾಷಣಗಳ ಜೊತೆಗೆ ಕೆಲವು ದಿನಗಳ ಕಾರ್ಯಾಗಾರವನ್ನೂ ನಡೆಸುವುದು ಅದರ ಪದ್ಧತಿ. ಕೂತು, ಕಮಾಂಡ್ ಹೊಡೆದು, ತಪ್ಪು ಮಾಡಿ ಕಲಿಯುವ ಕಾರ್ಯಾಗಾರ. ಏಷ್ಯಾ ಪೆಸಿಫಿಕ್ ವಲಯದ ಐಪಿ ವಿಳಾಸಗಳನ್ನು ಹಂಚುವ ಎಪಿನಿಕ್ ಸಂಸ್ಥೆಯ ಸಮ್ಮೇಳನಗಳಿಗೆ ಪ್ರಯಾಣದ ಖರ್ಚು ಕೊಡುವ ಫೆಲೋಶಿಪ್ ಇದೆ. ಎಪಿನಿಕ್ ಬಳಿಯ ಹಳೆಯ ಮಾದರಿಯ ಐಪಿ ವಿಳಾಸಗಳ ದಾಸ್ತಾನು 2011ರಲ್ಲೇ ತಳ ಕಂಡಿತ್ತು. ಹಾಗಾಗಿ ವಿಳಾಸಗಳನ್ನು ಬಾಡಿಗೆಗೆ ಹಿಡಿಯುವುದೋ, ನಮ್ಮ ದೇಶದ ನೋಂದಣಿ ಸಂಸ್ಥೆ ಐಆರ್‌ಐಎನ್‌ಎನ್ ಮೂಲಕ ಸ್ವಂತಕ್ಕೆ ಪಡೆಯುವುದೋ ಎಂಬುದು ಸಣ್ಣವರಿಗೂ ತಟ್ಟುವ ಪ್ರಶ್ನೆ. ಆ ತೀರ್ಮಾನಕ್ಕೆ ಬೇಕಾದ ವಿವರ ಹೇಳಬಲ್ಲವರು ಈ ಕೂಟಗಳಲ್ಲೇ ಸಿಗುತ್ತಾರೆ.

ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಭೆಗಳಿಗೆ ಪ್ರವೇಶ ಶುಲ್ಕವೇ ಇಲ್ಲ, ಹೊಸಬರಿಗೆ ಅಲ್ಲೂ ಫೆಲೋಶಿಪ್ ಇದೆ. 2016ರ ನವೆಂಬರ್‌ನಲ್ಲಿ ಅದು ನಮ್ಮ ಪಕ್ಕದ ಹೈದರಾಬಾದಿಗೇ ಬಂದಿತ್ತು. ಐಕ್ಯಾನ್ ಸಭೆಗೆ ಕನ್ನಡಿಗರು ಹೋಗಲೇಬೇಕಾದ ಕಾರಣವೊಂದಿದೆ. ಕನ್ನಡ ಲಿಪಿಯ '.ಭಾರತ' ಈಗ ಅಧಿಕೃತ ಡೊಮೇನ್. ಕನ್ನಡ ಲಿಪಿಯ ಹೆಸರುಗಳಲ್ಲಿ ಯಾವ ಅಕ್ಷರ ಜೋಡಣೆ ಸಲ್ಲುತ್ತದೆ ಎಂಬ ನಿಯಮಾವಳಿಯೂ ಐಕ್ಯಾನ್‌ನ ತಜ್ಞರ ತಂಡದಿಂದ ಸಿದ್ಧವಾಗಿದೆ. ಆದರೆ ಕನ್ನಡದ ಡೊಮೇನ್ ಕೊಂಡವರಿಗೆ ಅದೇ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿ ನಮೂನೆಗಳಲ್ಲಿ ಹಾಕಲಾಗುವುದಿಲ್ಲ, ತಂತ್ರಾಂಶ ತಿರಸ್ಕರಿಸುತ್ತದೆ. ಈ ತೊಡಕನ್ನು ದಿನವೂ ಗ್ರಾಹಕರ ಬಾಯಿಂದ ಕೇಳುವವರು ಸಣ್ಣ ಹೋಸ್ಟಿಂಗ್‌ನವರು. ಅಂತರರಾಷ್ಟ್ರೀಯ ಸಭೆಯಲ್ಲಿ ಅದನ್ನು ಕೆಲಸದ ಅನುಭವದಿಂದ ಹೇಳಬಲ್ಲವರು ಅವರೇ. ಬರೀ ಕೇಳಿಸಿಕೊಳ್ಳಲು ಹೋಗುವುದಕ್ಕೂ ಹೇಳಲು ಏನಾದರೂ ಇಟ್ಟುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಕನ್ನಡದ ಪರವಾಗಿ ಆ ಮಾತು ಅಲ್ಲಿ ಕೇಳಿಬರಬೇಕು ಎಂಬ ಆಸೆ ನನಗೆ ಬಲವಾಗಿದೆ.

ಹೊಸ ಗ್ರಾಹಕರು ಬೇಕೆಂದರೆ ದಾರಿ ಬೇರೆ. ಗ್ರಾಹಕರು ಸೇರುವ ಕಡೆ ಹೋಗಬೇಕು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ 1916ರಲ್ಲಿ ಹುಟ್ಟಿದ ವಾಣಿಜ್ಯ ಸಂಸ್ಥೆಯೇ ಇಂದಿನ ಎಫ್‌ಕೆಸಿಸಿಐ. ಜಿಲ್ಲೆಗಳಲ್ಲಿ ವರ್ತಕರ ಸಂಘಗಳಿವೆ, ಹೋಟೆಲು ಮಾಲೀಕರ ಸಂಘಗಳಿವೆ, ಖಾಸಗಿ ಶಾಲೆಗಳ ಒಕ್ಕೂಟಗಳಿವೆ. ಅವುಗಳ ವಾರ್ಷಿಕ ಸಭೆಯಲ್ಲಿ ಅರ್ಧ ಗಂಟೆ ನಿಂತು, 'ನಿಮ್ಮ ವೆಬ್‌ಸೈಟಿನ ಡೊಮೇನ್ ಯಾರ ಹೆಸರಿನಲ್ಲಿದೆ, ಮೊದಲು ನೋಡಿಕೊಳ್ಳಿ' ಎಂದು ತಿಳಿಸಿ ಹೇಳಿದರೆ, ರುಸ್ಟಿನಲ್ಲಿ ಮೂರು ದಿನ ವಿಸಿಟಿಂಗ್ ಕಾರ್ಡ್ ಹಂಚಿದ್ದಕ್ಕಿಂತ ಹೆಚ್ಚು ಫೋನ್ ಬರುತ್ತದೆ. ಆ ಸಭೆಯಲ್ಲಿ ಇಡೀ ಕೋಣೆಗೆ ಸರ್ವರ್ ವಿಚಾರ ಬಲ್ಲವರು ನೀವೊಬ್ಬರೇ ಇರುತ್ತೀರಿ.

ಕಸುಬಿನವರ ಕೂಟಗಳಿಗೂ ಗ್ರಾಹಕರ ಸಭೆಗಳಿಗೂ ನಡುವೆ ನಿಲ್ಲುವುದು ವರ್ಡ್‌ಕ್ಯಾಂಪ್. ವರ್ಡ್‌ಪ್ರೆಸ್ ಬಳಗದವರು 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುಮಾಡಿದ ಇದು ಊರೂರಿಗೆ ಹಬ್ಬಿದೆ. ಸ್ವಯಂಸೇವಕರು ನಡೆಸುತ್ತಾರೆ, ಟಿಕೆಟ್ ದರ ಉದ್ದೇಶಪೂರ್ವಕವಾಗಿ ಕಡಿಮೆ. ಏಷ್ಯಾದ ವರ್ಡ್‌ಕ್ಯಾಂಪ್ ಬ್ಯಾಂಕಾಕ್, ತೈಪೆ, ಮನಿಲಾಗಳ ನಂತರ 2026ಕ್ಕೆ ಮುಂಬೈಯನ್ನು ಆರಿಸಿಕೊಂಡಿತು. ಅಲ್ಲಿಗೆ ಬರುವವರಲ್ಲಿ ವೆಬ್‌ಸೈಟ್ ಕಟ್ಟಿಕೊಡುವ ಬಿಡಿ ಕೆಲಸಗಾರರು ಬಹಳ. ತಮ್ಮ ಗ್ರಾಹಕರ ಸೈಟನ್ನು ಎಲ್ಲಿಡಬೇಕು ಎಂದು ತೀರ್ಮಾನಿಸುವವರೇ ಅವರು. ಅಂಥ ಒಬ್ಬರು ನಂಬಿದರೆ ವರ್ಷಕ್ಕೆ ಹತ್ತಾರು ಸೈಟುಗಳು ತಾವಾಗಿ ಬರುತ್ತವೆ. ಒಂದೇ ಸಮ್ಮೇಳನಕ್ಕೆ ದುಡ್ಡಿದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕ್ಲೌಡ್‌ಫೆಸ್ಟ್‌ನಂಥ ದೊಡ್ಡದಕ್ಕೆ ಹೋಗುವ ಕಾಲವೂ ಬರುತ್ತದೆ. ನಿಯಂತ್ರಣ ತಂತ್ರಾಂಶ ಬದಲಿಸಬೇಕಾಗಿ ಬಂದಾಗ, ಸರ್ವರ್ ಒದಗಿಸುವವರನ್ನು ಬಿಟ್ಟು ಬೇರೆಯವರನ್ನು ಹಿಡಿಯಬೇಕಾದಾಗ, ವರ್ಷಕ್ಕೆ ಹತ್ತಾರು ಲಕ್ಷದ ಒಪ್ಪಂದ ಕೈಯಲ್ಲಿದ್ದು ದರ ಮಾತಾಡಬೇಕಾದಾಗ. ಎಲ್ಲ ಕಂಪನಿಯವರೂ ಒಂದೇ ಕಟ್ಟಡದಲ್ಲಿ ಸಿಗುವುದರಿಂದ ತಿಂಗಳುಗಟ್ಟಲೆಯ ಪತ್ರವ್ಯವಹಾರ ಎರಡು ದಿನಕ್ಕೆ ಇಳಿಯುತ್ತದೆ. ಹೋಗುವ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಂಡಿರಬೇಕು, ಸ್ಟಾಲಿನಲ್ಲಿ ನಿಂತ ಮಾರಾಟದವರ ಬದಲು ಎಂಜಿನಿಯರನ್ನು ಕೇಳಿ ಕರೆಸಿಕೊಳ್ಳಬೇಕು. ಊರಿನಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಪಾಸ್‌ವರ್ಡ್‌ಗಳನ್ನು ಒಪ್ಪಿಸಿ, ಯಜಮಾನರು ಇಲ್ಲದೆ ಒಂದು ವಾರ ನಡೆಸಿ ನೋಡಿರಬೇಕು. ಹಾಗೆ ನಡೆಸಲಾಗದ ಕಂಪನಿ ಸಮ್ಮೇಳನಕ್ಕೆ ಮೊದಲು ಇನ್ನೊಬ್ಬ ಕೆಲಸಗಾರರನ್ನು ತಯಾರು ಮಾಡುವುದು ಒಳ್ಳೆಯದು.

ಇನ್ನು, ನಾವೇ ಸೇರುವ ಮಾತು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಈ ಕಸುಬಿನ ಎಲ್ಲರನ್ನೂ ಮುಟ್ಟುತ್ತದೆ. ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಡಾಟಾ ಸೆಂಟರ್, ವರ್ಚುವಲ್ ಸರ್ವರ್ ಮತ್ತು ಕ್ಲೌಡ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಐದು ವರ್ಷ ಕಾಪಾಡಬೇಕು. ಸಣ್ಣ ಉದ್ದಿಮೆಗಳಿಗೆ ಅದೇ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಸಿಕ್ಕಿತ್ತು. ಮೂರು ಜನರ ಕಂಪನಿ ಇದನ್ನು ಹೇಗೆ ಪಾಲಿಸಬೇಕು, ಲಾಗ್ ಇಡಲು ಎಷ್ಟು ಜಾಗ, ರಾತ್ರಿ ಎರಡಕ್ಕೆ ದಾಳಿಯಾದರೆ ವರದಿ ಬರೆಯುವವರು ಯಾರು? ಜರ್ಮನಿಯ ಯಾವ ವೇದಿಕೆಯೂ ಇದಕ್ಕೆ ಉತ್ತರ ಹೇಳದು. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಮೈಸೂರಿನ ಹತ್ತು ಹದಿನೈದು ಮಂದಿ ಹೋಸ್ಟಿಂಗ್‌ನವರು ಮೂರು ತಿಂಗಳಿಗೊಮ್ಮೆ ಒಂದು ಹೋಟೆಲಿನ ಮಹಡಿಯಲ್ಲಿ ಕೂತರೆ ಸಿಗುತ್ತದೆ.

ಹಾಗೆ ಕೂತರೆ ಮಾಡಬಹುದಾದ ಕೆಲಸ ಇನ್ನೂ ಇದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡಾಟಾ ಸೆಂಟರ್ ಸುಟ್ಟಾಗ, ಬ್ಯಾಕಪ್‌ ಕೂಡ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಬೇರೆ ಕಂಪನಿಯ ಸರ್ವರಿನಲ್ಲಿ ಒಬ್ಬರ ಬ್ಯಾಕಪ್ಪನ್ನು ಇನ್ನೊಬ್ಬರು, ಎನ್‌ಕ್ರಿಪ್ಟ್ ಮಾಡಿ, ಇಟ್ಟುಕೊಳ್ಳುವ ಒಪ್ಪಂದಕ್ಕೆ ದೊಡ್ಡ ಖರ್ಚಿಲ್ಲ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ಅವರ ಟಿಕೆಟ್ ನೋಡಬಹುದು. ಲೈಸೆನ್ಸನ್ನು ಒಟ್ಟಾಗಿ ಕೊಂಡರೆ ದರದಲ್ಲಿ ಚೌಕಾಸಿ ಮಾಡಬಹುದು. ವಿದೇಶದ ಮೇಳಗಳಿಗೆ ಹೋಗುವ ಸಣ್ಣ ಉದ್ದಿಮೆಗಳಿಗೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಇಂಟರ್‌ನ್ಯಾಷನಲ್ ಕೋಆಪರೇಷನ್ ಯೋಜನೆಯಲ್ಲಿ ನೆರವಿದೆ, ಆದರೆ ಅದು ಉದ್ಯಮ ಸಂಘಗಳ ಮೂಲಕ ಬರುವ ನಿಯೋಗಗಳಿಗೆ. ಒಂಟಿಯಾಗಿ ಅರ್ಜಿ ಹಾಕುವವರಿಗೆ ಆ ಬಾಗಿಲು ಇಲ್ಲ. ಕಾಸಿಯಾದಂಥ ಸಂಘದ ಸದಸ್ಯರಾಗಿ ಹತ್ತು ಮಂದಿ ಒಟ್ಟಿಗೆ ಕೇಳಿದರೆ ಮಾತು ಮುಂದುವರಿಯುತ್ತದೆ. ಆ ಹತ್ತು ಮಂದಿಯಲ್ಲಿ ಇಬ್ಬರು ಎಲ್ಲರ ಪ್ರಶ್ನೆಗಳನ್ನೂ ಬರೆದುಕೊಂಡು ರುಸ್ಟಿಗೆ ಹೋಗಲಿ. ಅಷ್ಟು ದಿನ ಅವರಿಬ್ಬರ ಸರ್ವರುಗಳನ್ನು ಉಳಿದ ಎಂಟು ಮಂದಿ ನೋಡಿಕೊಳ್ಳಲಿ.